ಬೇಡದ ವರ್ತನೆ ನಿಲ್ಲಿಸೋದು ಹೇಗೆ? ಕಂಪ್ಯೂಟರಿನ ಒಂದು ಹಳೇ ಕಥೆ

▪️ ಭಾಗ 1/3

ಒಂದು ವಾರ ಊರಿಗೆ ಹೋಗಿದ್ರಿ. ಹಾಲಿನವರಿಗೆ ಹೇಳೋದು ಮರೆತಿದ್ರಿ. ವಾಪಸ್ ಬಂದು ನೋಡಿದ್ರೆ ಬಾಗಿಲಲ್ಲಿ ಏಳು ಪ್ಯಾಕೆಟ್, ಆರು ಒಡೆದುಹೋಗಿವೆ. ಹಾಲಿನವರದ್ದು ತಪ್ಪಲ್ಲ. "ದಿನಾ ಹಾಕಿ" ಅಂದವರು ನೀವು. "ಸಾಕು" ಅಂತ ಹೇಳಿರಲಿಲ್ಲ, ಅಷ್ಟೇ.

ಹೀಗೆ ಒಮ್ಮೆ ಹೇಳಿಟ್ಟರೆ ದಿನಾ ಬರೋದಕ್ಕೆ ಹಳಬರು 'ವರ್ತನೆ' ಅಂತಿದ್ರು. ವರ್ತನೆ ಹಾಲು, ವರ್ತನೆ ಹೂವು. ನಿಮ್ಮ ಕಂಪ್ಯೂಟರಿನೊಳಗೂ ಇಂಥ ವರ್ತನೆಗಳಿವೆ. ನೀವು ಮುಟ್ಟದಿದ್ದರೂ ಹೊತ್ತಿಗೆ ಸರಿಯಾಗಿ ತಾವೇ ಶುರುವಾಗುವ ಕೆಲಸಗಳು. ಇಂಗ್ಲಿಷಿನಲ್ಲಿ ಶೆಡ್ಯೂಲ್ಡ್ ಟಾಸ್ಕ್.

ಇವುಗಳ ಹಿರಿಯಜ್ಜ ಯುನಿಕ್ಸ್‌ನ 'ಕ್ರಾನ್'. ಅಮೆರಿಕದ ಬೆಲ್ ಲ್ಯಾಬ್ಸ್‌ನಿಂದ 1979ರಲ್ಲಿ ಹೊರಬಂದ ಯುನಿಕ್ಸ್ ಏಳನೇ ಆವೃತ್ತಿಯಲ್ಲಿ ಅದು ಇತ್ತು. ಗ್ರೀಕ್ ಭಾಷೆಯಲ್ಲಿ ಕಾಲಕ್ಕೆ 'ಕ್ರೋನೋಸ್' ಅಂತಾರೆ, ಹೆಸರು ಅಲ್ಲಿಂದ ಬಂತು. ಕ್ರಾನ್ ನಿಮಿಷಕ್ಕೊಮ್ಮೆ ಎದ್ದು ಒಂದು ಪಟ್ಟಿ ನೋಡುತ್ತೆ. ಹೊತ್ತು ಬಂದಿದ್ದರೆ ಕೆಲಸ ಶುರು ಮಾಡಿಸುತ್ತೆ. ಮತ್ತೆ ಮಲಗುತ್ತೆ.

ಆ ಪಟ್ಟಿಯ ಒಂದೊಂದು ಸಾಲಿನಲ್ಲಿ ಹೊತ್ತು ಹೇಳೋಕೆ ಐದು ಅಂಕಣ: ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ. ಆಮೇಲೆ ಮಾಡಬೇಕಾದ ಕೆಲಸ. ಏನಿಲ್ಲ ಗಮನಿಸಿ. "ಎಲ್ಲಿಯವರೆಗೆ?" ಅನ್ನೋಕೆ ಅಂಕಣವಿಲ್ಲ. "ಯಾಕೆ?" ಅನ್ನೋಕೂ ಇಲ್ಲ. ಬರೆದವರು ಕೆಲಸ ಬಿಟ್ಟು ಹೋಗಿರಬಹುದು, ಕಾರಣ ಯಾರಿಗೂ ನೆನಪಿಲ್ಲದಿರಬಹುದು. ಸಾಲು ಇರೋತನಕ ಕೆಲಸ ನಡೀತಾನೇ ಇರುತ್ತೆ.

ತೆಗೆಯೋದರಲ್ಲೂ ಒಂದು ಅಪಾಯ ಇದೆ. 'ಕ್ರಾನ್‌ಟ್ಯಾಬ್' ಆಜ್ಞೆಗೆ 'ಇ' ಸೇರಿಸಿದರೆ ಪಟ್ಟಿ ತಿದ್ದೋಕೆ ತೆರೆಯುತ್ತೆ. 'ಆರ್' ಸೇರಿಸಿದರೆ ಇಡೀ ಪಟ್ಟಿಯೇ ಅಳಿಸಿಹೋಗುತ್ತೆ. "ನಿಜವಾಗ್ಲೂ ಅಳಿಸಲಾ?" ಅಂತ ಸಾಮಾನ್ಯವಾಗಿ ಕೇಳೋದೂ ಇಲ್ಲ. ಈಗ ನಿಮ್ಮ ಕೀಬೋರ್ಡ್ ನೋಡಿ. 'ಇ' ಮತ್ತು 'ಆರ್' ಪಕ್ಕಪಕ್ಕದಲ್ಲೇ ಕೂತಿವೆ! ಬೇಡದ ಒಂದು ಸಾಲು ತೆಗೆಯಲು ಹೋಗಿ, ಬ್ಯಾಕಪ್ ತೆಗೆಯೋ ಸಾಲನ್ನೂ ಸೇರಿಸಿ ಎಲ್ಲವನ್ನೂ ಕಳಕೊಳ್ಳೋಕೆ ಒಂದು ಬೆರಳು ಜಾರಿದರೆ ಸಾಕು.

▪️ ಭಾಗ 2/3

ವಿಂಡೋಸ್‌ಗೆ ಬರೋಣ. ವಿಂಡೋಸ್ 95ರ ಜೊತೆ ಬೇರೆಯಾಗಿ ಮಾರುತ್ತಿದ್ದ 'ಪ್ಲಸ್!' ಅನ್ನೋ ಪ್ಯಾಕ್‌ನಲ್ಲಿ 'ಸಿಸ್ಟಮ್ ಏಜೆಂಟ್' ಬಂತು. ನೀವು ಇಲ್ಲದ ಹೊತ್ತಲ್ಲಿ ಡಿಸ್ಕ್ ಪರೀಕ್ಷೆ ಮಾಡೋದು, ಚೆಲ್ಲಾಪಿಲ್ಲಿಯಾದ ಫೈಲ್‌ಗಳನ್ನು ಜೋಡಿಸೋದು ಅದರ ಕೆಲಸ. ವಿಂಡೋಸ್ 98ರ ಹೊತ್ತಿಗೆ ಅದಕ್ಕೆ 'ಟಾಸ್ಕ್ ಶೆಡ್ಯೂಲರ್' ಅಂತ ಹೆಸರಾಯಿತು. ವಿಂಡೋಸ್ ಎನ್‌ಟಿ ಸಾಲಿನಲ್ಲಿ 'ಎಟಿ' ಅನ್ನೋ ಎರಡಕ್ಷರದ ಆಜ್ಞೆಯೂ ಇತ್ತು. ಅದರಿಂದ ನೆಟ್‌ವರ್ಕ್‌ನಲ್ಲಿರೋ ಇನ್ನೊಂದು ಕಂಪ್ಯೂಟರಿಗೂ ಕೆಲಸ ಹಚ್ಚಬಹುದಿತ್ತು. ನೂರಾರು ಕಂಪ್ಯೂಟರ್ ನೋಡಿಕೊಳ್ಳೋರಿಗೆ ಇದು ವರ.

2008ರ ನವೆಂಬರ್‌ನಲ್ಲಿ ಆ ವರವೇ ತಿರುಗಿಬಿತ್ತು. 'ಕಾನ್‌ಫಿಕರ್' ಅನ್ನೋ ವರ್ಮ್ ಕಾಣಿಸಿಕೊಂಡಿತು. ಅದು ನುಗ್ಗಿದ ಬಿರುಕನ್ನು ಮುಚ್ಚೋ ಪ್ಯಾಚನ್ನು ಮೈಕ್ರೋಸಾಫ್ಟ್ ಅಕ್ಟೋಬರ್ 23ಕ್ಕೇ ಕೊಟ್ಟಿತ್ತು. ಎಷ್ಟೋ ಕಡೆ ಹಾಕಿರಲಿಲ್ಲ. ಆಮೇಲೆ ಬಂದ ಅದರ ಎರಡನೇ ರೂಪ ಇನ್ನೂ ಜಾಣ. ನೆಟ್‌ವರ್ಕ್‌ನಲ್ಲಿ ಸುಲಭದ ಪಾಸ್‌ವರ್ಡ್‌ಗಳನ್ನು ಊಹಿಸಿ, ಪಕ್ಕದ ಕಂಪ್ಯೂಟರಿಗೆ ತನ್ನ ಪ್ರತಿ ಕಳಿಸಿ, ಅದನ್ನು ಓಡಿಸೋಕೆ ಅಲ್ಲೇ ಒಂದು ಶೆಡ್ಯೂಲ್ಡ್ ಟಾಸ್ಕ್ ಬರೆದಿಡುತ್ತಿತ್ತು. 2009ರ ಜನವರಿಯಲ್ಲಿ ಫ್ರಾನ್ಸ್ ನೌಕಾಪಡೆಯ ಒಳಜಾಲಕ್ಕೂ ಅದು ತಗುಲಿತು. ಬರೆದವರನ್ನು ಹಿಡಿಯೋಕೆ ನೆರವಾದವರಿಗೆ 2,50,000 ಡಾಲರ್ ಬಹುಮಾನ ಅಂತ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಸಾರಿತು.

ಇಲ್ಲಿ ಪಾಠ ಇದೆ ನೋಡಿ. ವೈರಸ್ ಫೈಲ್ ಅಳಿಸಿದ್ರಿ, ಸರಿ. ಆದ್ರೆ "ಇಷ್ಟು ಹೊತ್ತಿಗೆ ಇದನ್ನು ಓಡಿಸು" ಅನ್ನೋ ಸಾಲು ಉಳಿದಿದ್ರೆ? ಸೋಂಕು ಮತ್ತೆ ಏಳೋಕೆ ದಾರಿ ಬಿಟ್ಟ ಹಾಗೇ. ಅದಕ್ಕೇ ಮೈಕ್ರೋಸಾಫ್ಟ್ ಕೊಟ್ಟ ಶುದ್ಧಿಯ ಕ್ರಮದಲ್ಲಿ 'ಎಟಿ'ಯಿಂದ ಹುಟ್ಟಿದ ಟಾಸ್ಕ್‌ಗಳನ್ನೆಲ್ಲ ಒಂದೇ ಏಟಿಗೆ ಅಳಿಸೋ ಆಜ್ಞೆಯೂ ಇತ್ತು. ಆ ಆಜ್ಞೆಗೆ ಒಳ್ಳೇದು ಕೆಟ್ಟದ್ದು ಗೊತ್ತಾಗಲ್ಲ. ಆಫೀಸಿನವರೇ 'ಎಟಿ'ಯಿಂದ ಹಚ್ಚಿಟ್ಟ ಕೆಲಸಗಳಿದ್ದರೆ ಅವೂ ಕಳೆಯ ಜೊತೆ ಪೈರು ಹೋದ ಹಾಗೆ ಹೋಗುತ್ತಿದ್ದವು. ವಿಂಡೋಸ್ 8ರ ಹೊತ್ತಿಗೆ ಈ 'ಎಟಿ'ಯನ್ನೇ ಮೂಲೆಗೆ ಸರಿಸಿದರು.

▪️ ಭಾಗ 3/3

ಹಾಗಾದ್ರೆ ಪಟ್ಟಿ ತೆರೆದು ನೋಡಿದರೆ ಸಾಕಾ? ಸಾಮಾನ್ಯವಾಗಿ ಸಾಕು. ಯಾವಾಗಲೂ ಅಲ್ಲ. 2022ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ 'ಟರಾಸ್ಕ್' ಅನ್ನೋ ಕುತಂತ್ರಾಂಶದ ವಿವರ ಹೊರಹಾಕಿತು. ಅದು ತಾನು ಬರೆದ ಟಾಸ್ಕ್‌ನ ಭದ್ರತಾ ವಿವರವನ್ನು ರಿಜಿಸ್ಟ್ರಿಯಿಂದ ಕಿತ್ತುಹಾಕುತ್ತಿತ್ತು. ಅಷ್ಟಕ್ಕೇ ಟಾಸ್ಕ್ ಪಟ್ಟಿಯಿಂದ ಮಾಯ, ಕೆಲಸ ಮಾತ್ರ ನಡೀತಾನೇ ಇತ್ತು. ಹಾಲು ಬರ್ತಾ ಇದೆ, ಲೆಕ್ಕದ ಪುಸ್ತಕದಲ್ಲಿ ಮನೆ ನಂಬರೇ ಇಲ್ಲ ಅಂದ ಹಾಗೆ.

ನಮ್ಮ ನಿಮ್ಮ ಮನೆ ಕಂಪ್ಯೂಟರಿನಲ್ಲಿ ಇಷ್ಟು ದೊಡ್ಡ ಕಳ್ಳ ಇರೋದು ಅಪರೂಪ. ಅಲ್ಲಿರೋದು ಬಹುತೇಕ ನೀವೇ ಎಂದೋ ತೆಗೆದುಹಾಕಿದ ಸಾಫ್ಟ್‌ವೇರ್ ಬಿಟ್ಟುಹೋದ ವರ್ತನೆ. ಆನ್ ಮಾಡಿದಾಗೆಲ್ಲ ಒಂದು ಕಪ್ಪು ಕಿಟಕಿ ಮಿಂಚಿ ಹೋಗುತ್ತಾ? ಕೇಳದೇ ಜಾಹೀರಾತು ಪುಟ ತೆರೆಯುತ್ತಾ? ಹೀಗೆ ಮಾಡಿ:

1. ಸ್ಟಾರ್ಟ್‌ನಲ್ಲಿ ಟಾಸ್ಕ್ ಶೆಡ್ಯೂಲರ್ ಅಂತ ಹುಡುಕಿ ತೆರೆಯಿರಿ.
2. ಹೆಸರು ನಂಬಬೇಡಿ. 'ಆಥರ್' ಅನ್ನೋ ಕಡೆ ಯಾರು ಏನು ಬೇಕಾದರೂ ಬರೆಯಬಹುದು. 'ಟ್ರಿಗರ್ಸ್' ನೋಡಿದರೆ ಯಾವಾಗ ಅಂತ ತಿಳಿಯುತ್ತೆ. 'ಆಕ್ಷನ್ಸ್' ನೋಡಿದರೆ ಯಾವ ಫೈಲ್ ಓಡುತ್ತೆ ಅಂತ ತಿಳಿಯುತ್ತೆ. ಸತ್ಯ ಇರೋದು ಅಲ್ಲಿ.
3. 'ಮೈಕ್ರೋಸಾಫ್ಟ್' ಫೋಲ್ಡರಿನ ಒಳಗಿನವನ್ನು ಗೊತ್ತಿಲ್ಲದೆ ಮುಟ್ಟಬೇಡಿ.
4. ಅನುಮಾನ ಬಂದದ್ದನ್ನು ಮೊದಲು 'ಎಕ್ಸ್‌ಪೋರ್ಟ್' ಮಾಡಿ ಇಟ್ಟುಕೊಳ್ಳಿ. ಆಮೇಲೆ 'ಡಿಸೇಬಲ್'. ಒಂದು ವಾರ ನೋಡಿ. ಏನೂ ತೊಂದರೆ ಇಲ್ಲ ಅಂದ್ರೆ 'ಡಿಲೀಟ್'.
5. ಟಾಸ್ಕ್ ತೆಗೆದ ಮೇಲೆ ಅದು ಓಡಿಸುತ್ತಿದ್ದ ಪ್ರೋಗ್ರಾಂ ಕೂಡ ತೆಗೆಯಿರಿ. ಒಂದು ಉಳಿದರೆ ಇನ್ನೊಂದು ವಾಪಸ್ ಬರಬಹುದು.

ಲಿನಕ್ಸ್ ಬಳಸೋರು ಕ್ರಾನ್‌ಟ್ಯಾಬ್ ಪಟ್ಟಿಯ ಪ್ರತಿ ಇಟ್ಟುಕೊಂಡು, ಬೇಡದ ಸಾಲಿನ ಮುಂದೆ ಒಂದು # ಹಾಕಿ. ಸಾಲು ಉಳಿಯುತ್ತೆ, ಕೆಲಸ ನಿಲ್ಲುತ್ತೆ.

ಇನ್ನೊಂದು ಮಾತು. ಹೊಸ ವರ್ತನೆ ಹಚ್ಚುವಾಗ ಪಕ್ಕದಲ್ಲಿ ಯಾಕೆ, ಎಲ್ಲಿಯವರೆಗೆ ಅಂತ ಒಂದು ಸಾಲು ಬರೆದಿಡಿ. ಕ್ರಾನ್‌ನ ಆ ಐದು ಅಂಕಣಗಳಲ್ಲಿ ಇಲ್ಲದ್ದು ಅದೇ. ನಿಮ್ಮ ನಂತರ ಆ ಕುರ್ಚಿಯಲ್ಲಿ ಕೂರೋರು, ಅಳಿಸಲಾ ಬೇಡವಾ ಅಂತ ಹೆದರಿ ಕೂರಬೇಕಾಗಿಲ್ಲ.

ಇವತ್ತು ನಿಮ್ಮ ಪಟ್ಟಿ ತೆರೆದು ನೋಡಿ. ಯಾವ ಸಾಫ್ಟ್‌ವೇರಿನ ಹಳೇ ವರ್ತನೆ ಸಿಕ್ತು ಅಂತ ಕಾಮೆಂಟಲ್ಲಿ ಹೇಳಿ 👇

#ಕಂಪ್ಯೂಟರ್_ಇತಿಹಾಸ #ಕನ್ನಡದಲ್ಲಿ_ತಂತ್ರಜ್ಞಾನ #ವರ್ತನೆ