ಶಾಲೆಯೊಳಗೆ ದುಡಿಮೆಯ ಪಾಠ: ಕೌಶಲ ಶಿಕ್ಷಣ ನಡೆದುಬಂದ ದಾರಿ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ಕರ್ನಾಟಕದ ಬಹಳಷ್ಟು ಮನೆಗಳಲ್ಲಿ ಒಂದೇ ಬಗೆಯ ಲೆಕ್ಕಾಚಾರ ನಡೆಯುತ್ತದೆ. ಅಂಕ ಚೆನ್ನಾಗಿ ಬಂದಿದ್ದರೆ ವಿಜ್ಞಾನ, ಸ್ವಲ್ಪ ಇಳಿದಿದ್ದರೆ ವಾಣಿಜ್ಯ, ಇನ್ನೂ ಇಳಿದಿದ್ದರೆ ಕಲೆ, ಯಾವುದೂ ಆಗದಿದ್ದರೆ ಐಟಿಐ. ಕೈಕೆಲಸ ಕಲಿಸುವ ದಾರಿ ಈ ಪಟ್ಟಿಯ ಕೊನೆಗೆ ಬಂದು ನಿಂತದ್ದರ ಹಿಂದೆ ನೂರ ನಲವತ್ತು ವರ್ಷಗಳ ಚರಿತ್ರೆಯಿದೆ. ಜಗತ್ತಿನ ಆರ್ಥಿಕತೆ ದಶಕಕ್ಕೊಂದು ರೂಪ ತಾಳುತ್ತಿರುವಾಗ ನಮ್ಮ ಮಕ್ಕಳನ್ನು ಅದಕ್ಕೆ ಅಣಿಗೊಳಿಸುವುದು ಹೇಗೆಂದು ಕೇಳುವವರು ಮೊದಲು ಈ ಚರಿತ್ರೆಯನ್ನು ಓದಬೇಕು. ಪ್ರತಿ ತಲೆಮಾರಿನ ಆಯೋಗವೂ ಶಾಲೆಗೆ ದುಡಿಮೆಯನ್ನು ತರಬೇಕೆಂದಿತು. ಆದರೆ ಹೆಚ್ಚಿನ ಸಲ ನಾವು ಅದನ್ನು ಓದಿನಿಂದ ಬೇರ್ಪಡಿಸಿ, ಓದಿನಲ್ಲಿ ಹಿಂದುಳಿದವರ ಪಾಲಿಗೆ ಬಿಟ್ಟೆವು. ಸೋಲಿನ ಬೇರು ಅಲ್ಲಿದೆ.

ಎರಡು ಕವಲು

1882ರ ಹಂಟರ್ ಆಯೋಗ ಪ್ರೌಢಶಾಲೆಯನ್ನು ಎರಡು ಕವಲಾಗಿಸಲು ಸೂಚಿಸಿತು. ಒಂದು ವಿಶ್ವವಿದ್ಯಾಲಯದ ಪ್ರವೇಶಕ್ಕೆ, ಇನ್ನೊಂದು ವ್ಯಾಪಾರ ಮತ್ತು ಪ್ರಾಯೋಗಿಕ ಕೆಲಸಗಳಿಗೆ. ಎರಡನೆಯ ಕವಲು ಬೆಳೆಯಲೇ ಇಲ್ಲ. ಸರ್ಕಾರಿ ನೌಕರಿಯ ಬಾಗಿಲು ತೆರೆಯುತ್ತಿದ್ದುದು ಮೊದಲನೆಯದಕ್ಕೆ ಮಾತ್ರ. ಬುದ್ಧಿವಂತ ತಂದೆತಾಯಿಗಳು ಮಕ್ಕಳನ್ನು ಅಲ್ಲಿಗೇ ಕಳಿಸಿದರು.

ಮೈಸೂರು ಸಂಸ್ಥಾನದಲ್ಲಿ ಯೋಚನೆ ಬೇರೆಯಾಗಿತ್ತು. 1912ರಿಂದ 1918ರವರೆಗೆ ದಿವಾನರಾಗಿದ್ದ ಎಂ. ವಿಶ್ವೇಶ್ವರಯ್ಯನವರು ಶಿಕ್ಷಣವನ್ನೂ ಉದ್ಯಮವನ್ನೂ ಒಂದೇ ಯೋಜನೆಯ ಭಾಗವಾಗಿ ಕಂಡರು. 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯ್ದೆ ಬಂತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಕುಶಲಕರ್ಮಿಗಳನ್ನು ತಯಾರು ಮಾಡಿತು. ಇಳಿವಯಸ್ಸಿನಲ್ಲೂ ವಿಶ್ವೇಶ್ವರಯ್ಯನವರ ಆಸಕ್ತಿ ಕುಂದಲಿಲ್ಲ. 1943ರಲ್ಲಿ ಆರಂಭವಾದ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್, ಇಂದಿನ ಎಸ್‌ಜೆ ಪಾಲಿಟೆಕ್ನಿಕ್, ಅವರ ಒತ್ತಾಸೆಯ ಫಲ. ಬೆಂಗಳೂರು ಮುಂದೆ ಯಂತ್ರೋದ್ಯಮದ ನಗರವಾಗಿ ಬೆಳೆಯಲು ಇಂಥ ಸಂಸ್ಥೆಗಳು ನೆಲ ಹದಗೊಳಿಸಿದವು. ಆದರೆ ಇವೆಲ್ಲ ಶಾಲೆ ಮುಗಿಸಿದವರಿಗಾಗಿ ಇದ್ದವು. ಶಾಲೆಯ ಒಳಗಿನ ಪಾಠ ಹೆಚ್ಚುಕಡಿಮೆ ಇದ್ದಂತೆಯೇ ಉಳಿಯಿತು.

ವಾರ್ಧಾದ ಪ್ರಯತ್ನ

ಶಾಲೆಯ ಒಳಗಿನ ಪಾಠವನ್ನೇ ಬದಲಿಸುವ ಯತ್ನ ಗಾಂಧೀಜಿಯವರದು. 1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಸಮ್ಮೇಳನ ನಡೆಯಿತು. ಪಠ್ಯಕ್ರಮ ರೂಪಿಸುವ ಹೊಣೆ ಜಾಕಿರ್ ಹುಸೇನರ ಸಮಿತಿಗೆ ಬಿತ್ತು. ಏಳರಿಂದ ಹದಿನಾಲ್ಕು ವರ್ಷದವರೆಗೆ ಉಚಿತ, ಕಡ್ಡಾಯ, ಮಾತೃಭಾಷೆಯ ಶಿಕ್ಷಣ. ಅದರ ನಡುವೆ ಒಂದು ಕಸುಬು. ನೂಲುವಾಗ ಎಳೆಯ ಉದ್ದದಿಂದ ಗಣಿತ, ಹತ್ತಿಯ ಬೆಳೆಯಿಂದ ಭೂಗೋಳ, ಬಟ್ಟೆಯ ವ್ಯಾಪಾರದಿಂದ ಚರಿತ್ರೆ ಹುಟ್ಟಬೇಕೆಂಬುದು ‘ನಯೀ ತಾಲೀಮ್’ ಎಂದು ಹೆಸರಾದ ಈ ಪದ್ಧತಿಯ ತಿರುಳು. ಇಲ್ಲಿ ಕಸುಬು ಒಂದು ಪ್ರತ್ಯೇಕ ವಿಷಯವಾಗಿರಲಿಲ್ಲ, ಎಲ್ಲ ವಿಷಯಗಳಿಗೂ ಅದೇ ಹೆಬ್ಬಾಗಿಲು.

ಮಕ್ಕಳು ತಯಾರಿಸಿದ ಸರಕಿನಿಂದ ಶಾಲೆಯ ಖರ್ಚು ಹುಟ್ಟಬೇಕೆಂಬ ಅಂಶಕ್ಕೆ ಆಗಲೇ ಆಕ್ಷೇಪ ಎದ್ದಿತ್ತು. ಶಾಲೆ ಕಾರ್ಖಾನೆಯಾದೀತೆಂಬ ಆ ಭಯ ನ್ಯಾಯವಾದದ್ದೇ. ಸ್ವಾತಂತ್ರ್ಯಾನಂತರ ಈ ಮಾದರಿಯ ‘ಬೇಸಿಕ್’ ಶಾಲೆಗಳು ಹೆಚ್ಚಿದವು. ಆದರೆ ತಕಲಿ ತಿರುಗಿಸುವುದು ಗೊತ್ತಿದ್ದ ಶಿಕ್ಷಕರಿಗೆ ಅದರಿಂದ ಗಣಿತ ಬಿಡಿಸುವ ತರಬೇತಿ ಸಿಗಲಿಲ್ಲ. ಹಳ್ಳಿಯ ಮಗುವಿಗೆ ಬೇಸಿಕ್ ಶಾಲೆ, ಪಟ್ಟಣದ ಸ್ಥಿತಿವಂತರಿಗೆ ಇಂಗ್ಲಿಷ್ ಶಾಲೆ ಎಂಬ ಭೇದವೂ ಉಳಿಯಿತು. ಕೊನೆಗೆ ಕಸುಬು ವೇಳಾಪಟ್ಟಿಯ ಒಂದು ಪೀರಿಯಡ್ಡಿಗೆ ಕುಗ್ಗಿತು.

ಆಯೋಗಗಳ ಮೇಲೆ ಆಯೋಗ

1952–53ರ ಮುದಲಿಯಾರ್ ಆಯೋಗ ತಾಂತ್ರಿಕ, ಕೃಷಿ, ವಾಣಿಜ್ಯ, ಗೃಹವಿಜ್ಞಾನ ಮುಂತಾದ ಶಾಖೆಗಳುಳ್ಳ ವಿವಿಧೋದ್ದೇಶ ಪ್ರೌಢಶಾಲೆಗಳನ್ನು ಸೂಚಿಸಿತು. 1964–66ರ ಕೊಠಾರಿ ಆಯೋಗ ಎಲ್ಲ ಮಕ್ಕಳಿಗೂ ‘ಕಾರ್ಯಾನುಭವ’ ಬೇಕೆಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದನ್ನೇ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ ಎಂದು ಮರುರೂಪಿಸಿತು. ಅನೇಕ ಶಾಲೆಗಳಲ್ಲಿ ಅದು ಅಂಗಳ ಗುಡಿಸುವುದು, ಗಿಡಕ್ಕೆ ನೀರು ಹಾಕುವುದು, ಪ್ರದರ್ಶನಕ್ಕೆ ಒಂದು ಕಸೂತಿ ಬಟ್ಟೆ ತಯಾರಿಸುವುದು ಇಷ್ಟಕ್ಕೆ ನಿಂತಿತು. ಪರೀಕ್ಷೆಯಲ್ಲಿ ಎಣಿಕೆಗೆ ಬಾರದ್ದನ್ನು ಶಾಲೆಯೂ ಪೋಷಕರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಪಿಯುಸಿ ಹಂತದಲ್ಲಿ ವೃತ್ತಿ ಶಿಕ್ಷಣ ತಂದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ‘ಜೆಒಸಿ’ ಎಂದೇ ಜನರ ಬಾಯಲ್ಲಿ ಉಳಿದ ಉದ್ಯೋಗಾಧಾರಿತ ಕೋರ್ಸುಗಳಲ್ಲಿ ರೇಷ್ಮೆ ಕೃಷಿ, ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದಂಥ ನೆಲಕ್ಕೆ ಹತ್ತಿರದ ವಿಷಯಗಳಿದ್ದವು. 1986ರ ರಾಷ್ಟ್ರೀಯ ಶಿಕ್ಷಣ ನೀತಿ 1995ರ ಹೊತ್ತಿಗೆ ಹೈಯರ್ ಸೆಕೆಂಡರಿಯ ಶೇ 25ರಷ್ಟು ವಿದ್ಯಾರ್ಥಿಗಳನ್ನು ವೃತ್ತಿ ಶಿಕ್ಷಣಕ್ಕೆ ತರುವ ಗುರಿ ಇಟ್ಟಿತು. 1992ರ ಪರಿಷ್ಕರಣೆ ಆ ಗುರಿಯನ್ನು 2000ಕ್ಕೆ ಮುಂದೂಡಿತು. ಅದೂ ಈಡೇರಲಿಲ್ಲ. ಜೆಒಸಿ ಮುಗಿಸಿದವರ ಮುಂದೆ ಪದವಿಯ ದಾರಿ ಇಕ್ಕಟ್ಟಾಗಿತ್ತು, ಅವರ ಪ್ರಮಾಣಪತ್ರ ಪಿಯುಸಿಗೆ ಸಮವೇ ಎಂಬ ಪ್ರಶ್ನೆ ಅವರನ್ನು ವರ್ಷಗಟ್ಟಲೆ ಕಾಡಿತು. ಮುಂದಿನ ಮೆಟ್ಟಿಲು ಕಾಣದ ದಾರಿಗೆ ಮಕ್ಕಳನ್ನು ಕಳಿಸುವವರು ಯಾರು? ಕೋರ್ಸುಗಳು ಕ್ರಮೇಣ ಮುಚ್ಚಿಹೋದವು.

ಜಗತ್ತು ಬೆಂಗಳೂರಿಗೆ ಬಂದಾಗ

1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಯೋಜನೆಯಡಿ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೊ ಕಂಪ್ಯೂಟರುಗಳನ್ನು ಕೊಟ್ಟಿತು. ಮರುವರ್ಷ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ನೆಲೆಯೂರಿತು. 1991ರ ಉದಾರೀಕರಣದ ನಂತರ ಜಾಗತಿಕ ಆರ್ಥಿಕತೆ ಎಂಬುದು ನಮ್ಮ ಬಡಾವಣೆಗಳ ಬಾಡಿಗೆಯಲ್ಲೂ ಮದುವೆಯ ಮಾತುಕತೆಯಲ್ಲೂ ಕಾಣಿಸತೊಡಗಿತು. ಆಗ ಕೌಶಲವೆಂದರೆ ಇಂಗ್ಲಿಷ್ ಮತ್ತು ಕಂಪ್ಯೂಟರ್ ಎಂಬ ಭಾವನೆ ಬೇರೂರಿತು. ‘ಮಾಹಿತಿ ಸಿಂಧು’ ಯೋಜನೆ ಸರ್ಕಾರಿ ಪ್ರೌಢಶಾಲೆಗಳಿಗೂ ಕಂಪ್ಯೂಟರ್ ಒಯ್ದಿತು.

ಇದೇ ಕಾಲದಲ್ಲಿ ಇನ್ನೊಂದು ಧಾರೆಯೂ ಹರಿಯುತ್ತಿತ್ತು. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶಿಕ್ಷಕರೇ ಕಟ್ಟಿದ ‘ನಲಿ ಕಲಿ’ ಮಗುವಿಗೆ ತನ್ನ ವೇಗದಲ್ಲಿ, ಗುಂಪಿನಲ್ಲಿ, ಮಾಡಿ ಕಲಿಯುವ ಅವಕಾಶ ಕೊಟ್ಟಿತು. 1996ರಲ್ಲಿ ಯುನೆಸ್ಕೊದ ಡೆಲೋರ್ಸ್ ವರದಿ ಅರಿಯಲು, ಮಾಡಲು, ಕೂಡಿ ಬಾಳಲು, ತಾನಾಗಿ ಅರಳಲು ಕಲಿಯಬೇಕೆಂಬ ನಾಲ್ಕು ಕಂಬಗಳನ್ನು ಮುಂದಿಟ್ಟಿತು. ಅದು ಹೇಳಿದ್ದರಲ್ಲಿ ಬಹಳಷ್ಟನ್ನು ನಮ್ಮ ಹಳ್ಳಿಯ ಶಿಕ್ಷಕರು ಆಗಲೇ ಮಾಡಿ ತೋರಿಸುತ್ತಿದ್ದರು.

ಹೊಸ ಚೌಕಟ್ಟುಗಳು

2013ರ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು, ಅಂದರೆ ಎನ್‌ಎಸ್‌ಕ್ಯುಎಫ್, ಕೌಶಲಗಳಿಗೂ ಮೆಟ್ಟಿಲುಗಳನ್ನು ನಿಗದಿಮಾಡಿತು. ಕರ್ನಾಟಕದ ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೇ ತರಗತಿಯಿಂದ ಐಟಿ, ಆಟೊಮೊಬೈಲ್, ರಿಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್ ವಿಷಯಗಳನ್ನು ತೃತೀಯ ಭಾಷೆಯ ಬದಲು ಓದಬಹುದು. 2016ರಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು ಶುರುವಾದವು. ಈಗ ದೇಶದಲ್ಲಿ ಅವು ಸುಮಾರು 10,000 ಶಾಲೆಗಳಲ್ಲಿವೆ. 2019ರಲ್ಲಿ ಸಿಬಿಎಸ್‌ಇ ಒಂಬತ್ತನೇ ತರಗತಿಗೆ ಕೃತಕ ಬುದ್ಧಿಮತ್ತೆಯನ್ನು ಐಚ್ಛಿಕ ವಿಷಯವಾಗಿ ತಂದಿತು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ತನ್ನ ಹಿಂದಿನವರ ತಪ್ಪನ್ನು ಗುರುತಿಸಿತು. 19ರಿಂದ 24 ವಯಸ್ಸಿನ ದುಡಿಯುವವರಲ್ಲಿ ಔಪಚಾರಿಕ ವೃತ್ತಿ ಶಿಕ್ಷಣ ಪಡೆದವರು ಭಾರತದಲ್ಲಿ ಶೇ 5ಕ್ಕಿಂತ ಕಡಿಮೆ, ಜರ್ಮನಿಯಲ್ಲಿ ಶೇ 75, ದಕ್ಷಿಣ ಕೊರಿಯಾದಲ್ಲಿ ಶೇ 96 ಎಂಬ ಅಂದಾಜನ್ನು ಅದು ಉಲ್ಲೇಖಿಸುತ್ತದೆ. ಆರನೇ ತರಗತಿಯಿಂದಲೇ ಎಲ್ಲರಿಗೂ ವೃತ್ತಿಯ ಪರಿಚಯ, ಸ್ಥಳೀಯ ಕುಶಲಕರ್ಮಿಗಳ ಜೊತೆ ಹತ್ತು ‘ಬ್ಯಾಗ್‌ರಹಿತ’ ದಿನಗಳು ಅದರ ಸಲಹೆ. ಕರ್ನಾಟಕ ಈ ನೀತಿಯನ್ನು ಬಿಟ್ಟು, 2023ರಲ್ಲಿ ಸುಖದೇವ್ ಥೋರಟ್ ಅವರ ನೇತೃತ್ವದಲ್ಲಿ ತನ್ನದೇ ಆಯೋಗ ರಚಿಸಿತು. 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟ ಆಯೋಗ ದ್ವಿಭಾಷಾ ಸೂತ್ರವನ್ನು ಶಿಫಾರಸು ಮಾಡಿದೆ. ಅದು ಜಾರಿಯಾದರೆ ತೃತೀಯ ಭಾಷೆಯ ಜಾಗದಲ್ಲಿ ಕೂತಿರುವ ವೃತ್ತಿ ವಿಷಯಗಳಿಗೆ ಹೊಸ ನೆಲೆ ಹುಡುಕಲೇಬೇಕು. ಅವನ್ನು ಯಾವುದೋ ವಿಷಯದ ಬದಲಿಯಾಗಿಸದೆ ಎಲ್ಲ ಮಕ್ಕಳ ಪಾಠವಾಗಿಸಲು ಇದು ಸುಸಂದರ್ಭ.

ಗೆದ್ದವರು ಮಾಡಿದ್ದೇನು?

ಫಿನ್ಲೆಂಡ್ 1866ರಲ್ಲೇ ಶಾಲೆಯ ಪಾಠಗಳಲ್ಲಿ ಕರಕುಶಲವನ್ನು ಸೇರಿಸಿತು. ಇಂದಿಗೂ ಅಲ್ಲಿನ ಹುಡುಗ ಹುಡುಗಿಯರೆಲ್ಲ ಮರ, ಲೋಹ, ಬಟ್ಟೆಗಳಲ್ಲಿ ಕೆಲಸ ಕಲಿಯುತ್ತಾರೆ. ಜರ್ಮನಿಯ ದ್ವಿಮುಖ ಪದ್ಧತಿಯಲ್ಲಿ ವಾರದ ಕೆಲವು ದಿನ ತರಗತಿ, ಉಳಿದ ದಿನ ಕಾರ್ಖಾನೆ. ಸಿಂಗಪುರ 1992ರಲ್ಲಿ ಕಟ್ಟಿದ ತಾಂತ್ರಿಕ ಶಿಕ್ಷಣ ಸಂಸ್ಥೆಯಿಂದ ಪಾಲಿಟೆಕ್ನಿಕ್‌ಗೆ ಹೋಗುವ ದಾರಿ ತೆರೆದಿದೆ. ನಮ್ಮಲ್ಲೇ ಬಿಡದಿಯಲ್ಲಿ 2007ರಲ್ಲಿ ಶುರುವಾದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ ಹತ್ತನೇ ತರಗತಿ ಮುಗಿಸಿದ ಗ್ರಾಮೀಣ ಮಕ್ಕಳಿಗೆ ಮೂರು ವರ್ಷ ವಸತಿ ಸಹಿತ ತರಬೇತಿ ಕೊಡುತ್ತಿದೆ. ಇಲ್ಲೆಲ್ಲ ಕಾಣುವ ಸಮಾನ ಗುಣ ಒಂದೇ: ಕೈಕೆಲಸ ಕಲಿತವನಿಗೆ ಗೌರವವಿದೆ, ಮುಂದೆ ಏರುವ ಏಣಿಯಿದೆ.

ಈಗ ಬೇಕಾದದ್ದು

ವರ್ಲ್ಡ್ ಎಕನಾಮಿಕ್ ಫೋರಂನ 2025ರ ವರದಿಯ ಪ್ರಕಾರ ಇಂದಿನ ಕೌಶಲಗಳಲ್ಲಿ ಶೇ 39ರಷ್ಟು 2030ರೊಳಗೆ ಬದಲಾಗುತ್ತವೆ ಇಲ್ಲವೇ ಹಳತಾಗುತ್ತವೆ. ಉದ್ಯೋಗದಾತರು ಎಲ್ಲಕ್ಕಿಂತ ಹೆಚ್ಚು ಬಯಸುವುದು ವಿಶ್ಲೇಷಣಾ ಸಾಮರ್ಥ್ಯ. ಹಾಗಿರುವಾಗ ಹದಿನಾಲ್ಕರ ಮಗುವಿಗೆ ಒಂದೇ ಯಂತ್ರ ನಡೆಸಲು ಕಲಿಸಿ ಕಳಿಸುವುದು ಅನ್ಯಾಯ. ಇತ್ತ 14ರಿಂದ 18 ವರ್ಷದ ಗ್ರಾಮೀಣ ಮಕ್ಕಳ ಬಗೆಗಿನ 2023ರ ‘ಅಸರ್’ ಸಮೀಕ್ಷೆ ನಮ್ಮ ಅಡಿಪಾಯದ ಬಿರುಕನ್ನು ತೋರಿಸಿತು. ಸುಮಾರು ಕಾಲು ಭಾಗದಷ್ಟು ಮಕ್ಕಳಿಗೆ ತಮ್ಮ ಭಾಷೆಯ ಎರಡನೇ ತರಗತಿಯ ಪಾಠವನ್ನು ಸರಾಗವಾಗಿ ಓದಲು ಬರಲಿಲ್ಲ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಲು ಬಂದದ್ದು ಶೇ 43.3ರಷ್ಟು ಮಂದಿಗೆ ಮಾತ್ರ. ವೃತ್ತಿ ತರಬೇತಿಯಲ್ಲಿದ್ದವರು ಶೇ 5.6.

ಓದಿ ಅರ್ಥಮಾಡಿಕೊಳ್ಳಲಾರದ ಮಗುವಿಗೆ ರೋಬೊಟ್ ಕಿಟ್ ಕೊಟ್ಟು ಫಲವಿಲ್ಲ. ಆದ್ದರಿಂದ ಮೊದಲು ಪ್ರತಿ ಮಗುವಿಗೂ ಗಟ್ಟಿಯಾದ ಕನ್ನಡದ ಓದು, ಗಣಿತ, ಅದರ ಮೇಲೆ ನಿಲ್ಲುವ ಇಂಗ್ಲಿಷ್. ಎರಡನೆಯದು, ಗುತ್ತಿಗೆಯ ಅಭದ್ರತೆಯಿಲ್ಲದ, ವಿಜ್ಞಾನ ಮತ್ತು ಗಣಿತದ ಶಿಕ್ಷಕರ ಜೊತೆ ಕೂತು ಪಾಠ ಯೋಜಿಸುವ ವೃತ್ತಿ ಶಿಕ್ಷಕರು. ಮೂರನೆಯದು, ಒಂಬತ್ತನೇ ತರಗತಿಯ ವೃತ್ತಿ ವಿಷಯದಿಂದ ಡಿಪ್ಲೊಮಾ, ಪದವಿಗಳವರೆಗೆ ತಡೆಯಿಲ್ಲದ ದಾರಿ. ಇದಕ್ಕೆ ಬೇಕಾದ ಚಿಂತನೆ ವಾರ್ಧಾದ ಕಾಲದಿಂದಲೂ ನಮ್ಮಲ್ಲಿದೆ, ಚೌಕಟ್ಟುಗಳೂ ಸಿದ್ಧವಾಗಿವೆ. ಇನ್ನು ಬೇಕಾದದ್ದು, ತರಗತಿಯ ಮೊದಲ ರ‍್ಯಾಂಕಿನ ಹುಡುಗಿಯೂ ಕೊನೆಯ ಬೆಂಚಿನ ಹುಡುಗನೂ ಒಂದೇ ವರ್ಕ್‌ಶಾಪಿನಲ್ಲಿ, ಒಂದೇ ಪಠ್ಯಕ್ರಮದಡಿ ಕೆಲಸ ಕಲಿಯಬೇಕೆಂದು ಸರ್ಕಾರವೂ ಪೋಷಕರೂ ಒಪ್ಪುವುದು.