ಸಕ್ಕರೆ ಇಳಿದರೂ ಉಳಿಯುವ ಹಾನಿ: ಮಧುಮೇಹಪೀಡಿತ ಮೂತ್ರಪಿಂಡದಲ್ಲಿ ವಂಶವಾಹಿಗಳ ಅಭಿವ್ಯಕ್ತಿ

ರಕ್ತದ ಸಕ್ಕರೆ ಹತೋಟಿಗೆ ಬಂದ ಮೇಲೂ ಮೂತ್ರಪಿಂಡದ ಹಾನಿ ಮುಂದುವರಿಯುವುದೇಕೆ? ಈ ಪ್ರಶ್ನೆಗೆ ಗಟ್ಟಿಯಾದ ಆಧಾರ ಒದಗಿಸಿದ್ದು ಅಮೆರಿಕ ಮತ್ತು ಕೆನಡಾಗಳಲ್ಲಿ 1983ರಿಂದ 1993ರವರೆಗೆ ನಡೆದ ಡಿಸಿಸಿಟಿ ಅಧ್ಯಯನ. ಅದರಲ್ಲಿದ್ದ 1441 ಟೈಪ್ 1 ಮಧುಮೇಹಿಗಳಲ್ಲಿ ಒಂದು ಗುಂಪಿಗೆ ಬಿಗಿಯಾದ, ಇನ್ನೊಂದಕ್ಕೆ ವಾಡಿಕೆಯ ಚಿಕಿತ್ಸೆ ದೊರೆಯಿತು. ಅಧ್ಯಯನ ಮುಗಿದ ಮೇಲೆ ಎರಡೂ ಗುಂಪುಗಳ ಸಕ್ಕರೆ ಮಟ್ಟ ಬಹುಮಟ್ಟಿಗೆ ಸಮವಾಯಿತು. ಆದರೂ ಮುಂದಿನ 8 ವರ್ಷಗಳಲ್ಲಿ ಮೂತ್ರದಲ್ಲಿ ಹೊಸದಾಗಿ ಆಲ್ಬುಮಿನ್ ಸೋರಿಕೆ ಕಂಡದ್ದು ಮೊದಲ ಗುಂಪಿನ ಶೇ. 6.8ರಷ್ಟು, ಎರಡನೆಯದರ ಶೇ. 15.8ರಷ್ಟು ಜನರಲ್ಲಿ. ಹಿಂದಿನ ಸಕ್ಕರೆ ಜೀವಕೋಶಗಳಲ್ಲಿ ವಂಶವಾಹಿಗಳ ಅಭಿವ್ಯಕ್ತಿಯನ್ನೇ ಬದಲಿಸಿಟ್ಟಿರುತ್ತದೆ ಎಂಬುದು ಈ ಅಂತರದ ಮುಖ್ಯ ವಿವರಣೆ ಎಂದು ಇಲ್ಲಿ ವಾದಿಸಲಾಗಿದೆ.

ಈ ಬದಲಾವಣೆಗೆ ಡಿಎನ್‌ಎಯ ಅನುಕ್ರಮ ಮಾರ್ಪಡಬೇಕಿಲ್ಲ. ಯಾವ ವಂಶವಾಹಿ ಎಷ್ಟು ಸಕ್ರಿಯವಾಗಿರಬೇಕೆಂಬುದು ಬದಲಾದರೆ ಸಾಕು. ಮಧುಮೇಹದಲ್ಲಿ ಮೂತ್ರಪಿಂಡದ ಮೆಸಾಂಜಿಯಲ್ ಕೋಶಗಳು ಟಿಜಿಎಫ್-ಬೀಟಾ ಎಂಬ ಸಂಕೇತವಾಹಕ ಪ್ರೋಟೀನಿನ ಪ್ರಭಾವಕ್ಕೆ ಸಿಕ್ಕಿ ಕೊಲ್ಯಾಜನ್ ಮುಂತಾದ ನಾರಿನ ಪ್ರೋಟೀನುಗಳನ್ನು ಮಿತಿಮೀರಿ ತಯಾರಿಸುತ್ತವೆ. ಸೋಸುವಿಕೆಯ ತಡೆಗೋಡೆಯನ್ನು ಕಾಯುವ ಪೋಡೋಸೈಟ್‌ಗಳಲ್ಲಿ ನೆಫ್ರಿನ್ ಎಂಬ ಪ್ರೋಟೀನು ಕಡಿಮೆಯಾಗುತ್ತದೆ. ನಾರು ಬೆಳೆಸುವ ವಂಶವಾಹಿಗಳ ಬಳಿಯ, ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನುಗಳಾದ ಹಿಸ್ಟೋನ್‌ಗಳಿಗೆ ಅವನ್ನು ಚುರುಕುಗೊಳಿಸುವ ಮೀಥೈಲ್ ಗುರುತುಗಳು ಅಂಟಿಕೊಳ್ಳುವುದನ್ನು ಇಲಿಯ ಮೆಸಾಂಜಿಯಲ್ ಕೋಶಗಳಲ್ಲಿ 2010ರಲ್ಲಿ ತೋರಿಸಲಾಯಿತು. ಮಾನವ ರಕ್ತನಾಳದ ಕೋಶಗಳಲ್ಲಂತೂ 16 ಗಂಟೆಗಳ ಅಧಿಕ ಸಕ್ಕರೆ ಮೂಡಿಸಿದ ಇಂಥ ಗುರುತುಗಳು, ಸಕ್ಕರೆ ಸಹಜ ಮಟ್ಟಕ್ಕೆ ಮರಳಿ 6 ದಿನ ಕಳೆದರೂ ಅಳಿಯಲಿಲ್ಲ.

1993ರ ಹೊತ್ತಿಗೇ ಅಂಗರಚನೆ ಕೆಟ್ಟಿತ್ತು, ಆಮೇಲಿನ ಅಂತರ ಅದರ ಫಲವಷ್ಟೇ ಎಂದು ಆಕ್ಷೇಪಿಸಬಹುದು. ರಚನೆಯ ಹಾನಿಗೂ ಪಾಲಿದೆ, ನಿಜ. ಆದರೆ ಮೇಲಿನ ಲೆಕ್ಕ ಆಗ ಆಲ್ಬುಮಿನ್ ಸಹಜವಾಗಿದ್ದವರದು. ಕೋಶಸಂಸ್ಕೃತಿಯ ಫಲಿತಾಂಶ ಮನುಷ್ಯರಿಗೆ ಸಲ್ಲದು ಎಂಬುದು ಇನ್ನೊಂದು ಆಕ್ಷೇಪ. ಡಿಸಿಸಿಟಿಯಲ್ಲಿದ್ದವರ ರಕ್ತಕಣಗಳಲ್ಲೇ ಟಿಎಕ್ಸ್‌ಎನ್‌ಐಪಿ ವಂಶವಾಹಿಯ ಮೀಥೈಲ್ ವ್ಯತ್ಯಾಸ ಸುಮಾರು 16 ವರ್ಷಗಳ ನಂತರವೂ ಉಳಿದಿದ್ದುದು 2016ರಲ್ಲಿ ಪ್ರಕಟವಾಯಿತು. ಅವು ಮೂತ್ರಪಿಂಡದ ಕೋಶಗಳಲ್ಲ. ಆದರೆ ಇಂಥ ಗುರುತು ಮನುಷ್ಯದೇಹದಲ್ಲಿ ದಶಕ ದಾಟಿಯೂ ಬಾಳುತ್ತದೆ ಎಂಬುದಕ್ಕೆ ಅಷ್ಟು ಸಾಕ್ಷ್ಯ ಸಾಲುತ್ತದೆ.

ಹಾಗಾದರೆ ತಡವಾದ ಚಿಕಿತ್ಸೆ ವ್ಯರ್ಥವೇ? ಅಲ್ಲ. ಮೇದೋಜೀರಕ ಗ್ರಂಥಿಯ ಕಸಿಯಿಂದ ಸಕ್ಕರೆ ಸಹಜವಾದ 8 ಮಧುಮೇಹಿಗಳ ಮೂತ್ರಪಿಂಡದಲ್ಲಿ 5 ವರ್ಷಕ್ಕೆ ಸುಧಾರಣೆ ಕಾಣಲಿಲ್ಲ, 10 ವರ್ಷಕ್ಕೆ ಕಂಡಿತು ಎಂದು 1998ರ ವರದಿ ಹೇಳುತ್ತದೆ. ಹಾನಿ ಹಿಮ್ಮೆಟ್ಟಬಲ್ಲದು, ಆದರೆ ಅದಕ್ಕೆ ದಶಕ ಬೇಕು. ಆದ್ದರಿಂದ, ಡಿಸಿಸಿಟಿಯ ಪುರಾವೆ ಟೈಪ್ 1ರದಾದರೂ, ಟೈಪ್ 2 ಮಧುಮೇಹ ಪತ್ತೆಯಾದ ದಿನದಿಂದಲೇ ಸಕ್ಕರೆಯ ಹತೋಟಿಯೂ ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್ ಪರೀಕ್ಷೆಯೂ ಆರಂಭವಾಗಲೇಬೇಕು.