ಪೊಟ್ಟಿಪುರದ ಬೆಟ್ಟ, ಕೋಲಾರದ ಗಣಿ: ನ್ಯೂಟ್ರಿನೋ ಪ್ರಯೋಗಾಲಯಕ್ಕೆ ಬಂದ ವಿರೋಧ

ನನಗಿಂತ ಮುಂಚೆ ಮಾತಾಡಿದವರು ಹಳೆಯ ಪೇಟೆಗಳ ನಡುವೆ ಏಳುವ ದೊಡ್ಡ ಕಟ್ಟಡಗಳ ಬಗ್ಗೆ ಹೇಳಿದ್ರು. ನಾನು ಪೇಟೆ ಬಿಟ್ಟು ತಮಿಳುನಾಡಿನ ತೇನಿ ಜಿಲ್ಲೆಗೆ ಹೋಗ್ತೀನಿ. ಅಲ್ಲಿ ಪೊಟ್ಟಿಪುರದ ಪಕ್ಕದ ಅಂಬರಪ್ಪರ್ ಬೆಟ್ಟದೊಳಗೆ ಸುಮಾರು 2 ಕಿಲೋಮೀಟರ್ ಸುರಂಗ ಕೊರೆದು, 50,000 ಟನ್ ಕಬ್ಬಿಣದ ನ್ಯೂಟ್ರಿನೋ ಶೋಧಕ ಕೂರಿಸುವ ಯೋಜನೆ. 2015ರ ಜನವರಿಯಲ್ಲಿ ಕೇಂದ್ರ ಸಂಪುಟ ಸುಮಾರು 1,500 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು.

ಇದರ ಹಿಂದಿನ ಕಥೆ ನಮ್ಮಲ್ಲೇ ಇದೆ. 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, 2 ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು ಸಿಕ್ಕಿತ್ತು. ಅಲ್ಲಿ ಹೊಸದಾಗಿ ಅಗೆಯುವ ಮಾತೇ ಇರಲಿಲ್ಲ. ಚಿನ್ನಕ್ಕೋಸ್ಕರ ಕೂಲಿಕಾರರು, ಅವರಲ್ಲಿ ಬಹುಪಾಲು ತಮಿಳರು, ಆಗಲೇ ಅಗೆದಿಟ್ಟ ಆಳ ಅದು. ಗಣಿ 2001ರಲ್ಲಿ ಮುಚ್ಚಿತು. ಹೊಸ ಜಾಗಕ್ಕೆ ಮೊದಲು ನೀಲಗಿರಿಯ ಸಿಂಗಾರ ನೋಡಿದ್ರು. ಮುದುಮಲೈ ಹುಲಿ ಕಾಡು ಹತ್ತಿರ ಅಂತ 2009ರಲ್ಲಿ ಕೇಂದ್ರ ಒಪ್ಪಲಿಲ್ಲ. ಆಮೇಲೆ ಪೊಟ್ಟಿಪುರ.

ಓದೋಕೆ ಶುರು ಮಾಡಿದಾಗ ನಾನೂ ಈ ವಿರೋಧವನ್ನ ಬರೀ ಭಯ ಅಂದ್ಕೊಂಡಿದ್ದೆ. ವಿಕಿರಣದ ಮಾತು ತಪ್ಪೇ. ನ್ಯೂಟ್ರಿನೋ ಈಗಲೂ ನಮ್ಮ ಮೈಯೊಳಗಿಂದ ಹಾದು ಹೋಗ್ತಾನೇ ಇದೆ. ಆದರೆ ಸಿಡಿಮದ್ದು, ನೀರು, ದನಕರು ಮೇಯಿಸೋ ಜಾಗದ ಪ್ರಶ್ನೆ ಹಾಗಲ್ಲ. ಇನ್ನೊಂದು ನೋಡಿ: ಈ ಜನ ದೊಡ್ಡ ಕಾಮಗಾರಿ ಕಂಡರಾಗದವರಲ್ಲ. ಕಂಬಂ ಕಣಿವೆ ಹಸಿರಾಗಿರೋದೇ 1895ರ ಮುಲ್ಲಪೆರಿಯಾರ್ ಅಣೆಕಟ್ಟಿನಿಂದ. ಅದನ್ನ ಕಟ್ಟಿದ ಪೆನ್ನಿಕ್ವಿಕ್‌ಗೆ ಇವತ್ತಿಗೂ ಪೊಂಗಲ್ ಇಡ್ತಾರೆ. ಸುರಂಗದ ಸಿಡಿತದಿಂದ ಆ ಅಣೆಕಟ್ಟಿಗೇ ಧಕ್ಕೆ ಆದೀತು ಅನ್ನೋದೂ ವಿರೋಧಿಗಳ ವಾದವಾಗಿತ್ತು.

ವೈಕೋ ಮದುರೈ ಪೀಠಕ್ಕೆ ಹೋದರು; 2015ರಲ್ಲಿ ಕೆಲಸಕ್ಕೆ ತಡೆ ಬಿತ್ತು. 2017ರಲ್ಲಿ ಹಸಿರು ನ್ಯಾಯಮಂಡಳಿ ಪರಿಸರ ಅನುಮತಿಯನ್ನ ಅಮಾನತಿನಲ್ಲಿಟ್ಟಿತು: ಕೇರಳದ ಗಡಿ 5 ಕಿಲೋಮೀಟರಿನೊಳಗೇ ಇದೆ, ವರದಿ ಮಾಡಿದ ಸಂಸ್ಥೆಗೆ ಅದಕ್ಕೆ ಬೇಕಾದ ಮಾನ್ಯತೆ ಇಲ್ಲ. ನನ್ನ ಅಭಿಪ್ರಾಯ ಬದಲಾಗಿದ್ದು ಮುಂದಿನ ವರ್ಷದ ಕಡತದಲ್ಲಿ. 2018ರ ಮಾರ್ಚಿನಲ್ಲಿ ಇದನ್ನ ವಿಶೇಷ ಪ್ರಕರಣ ಅಂತ ಪರಿಗಣಿಸಿ, ‘ಕಟ್ಟಡ ಮತ್ತು ನಿರ್ಮಾಣ’ದ ವರ್ಗದಲ್ಲೇ ಅನುಮತಿ ಕೊಟ್ಟರು. ಆ ವರ್ಗಕ್ಕೆ ಸಾರ್ವಜನಿಕ ಅಹವಾಲು ಕಡ್ಡಾಯವಲ್ಲ. ಬೆಟ್ಟದೊಳಗಿನ ಸುರಂಗ, ಕಾಗದದ ಮೇಲೆ ಅಪಾರ್ಟ್‌ಮೆಂಟಿನ ಸಾಲಿಗೆ ಸೇರಿಬಿಟ್ಟಿತು! ವಿಜ್ಞಾನಿಗಳು ಊರಿಗೆ ಹೋಗಿ ವಿವರಿಸಿದ್ದು ನಿಜ. ಆದರೆ ವಿವರಿಸೋದು ಬೇರೆ, ‘ಬೇಡ’ ಅನ್ನೋ ಉತ್ತರಕ್ಕೂ ಜಾಗ ಇಟ್ಟು ಕೇಳೋದು ಬೇರೆ.

2022ರ ಫೆಬ್ರವರಿಯಲ್ಲಿ ತಮಿಳುನಾಡು ಸರ್ಕಾರ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರ ಕೊಟ್ಟು ಯೋಜನೆ ಬೇಡ ಅಂದಿತು. ಅಲ್ಲಿ ಮುಂದೆ ನಿಂತಿದ್ದು ಮತಿಕೆಟ್ಟಾನ್–ಪೆರಿಯಾರ್ ನಡುವೆ ಹುಲಿ ಓಡಾಡುವ ದಾರಿ. ದನ ಮೇಯಿಸುವವರ ದಾರಿಗೆ ಅಷ್ಟು ತೂಕ ಸಿಗುತ್ತಿತ್ತಾ? ನನಗೆ ಅನುಮಾನ. ಇಲ್ಲಿಗೆ ನಿಲ್ಲಿಸ್ತೀನಿ, ಪ್ರಶ್ನೆಗಳಿದ್ರೆ ಕೇಳಿ.